ದುಂದಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಇಂಗ್ಲಿಷ್ ಸಂದೇಹಗಳ ಅಂಕಣಕ್ಕೆ ಈ ಸಲ ಕೊಡಗಿನಿಂದ ಬಂದ ಪತ್ರಗಳೆಲ್ಲ ಖರ್ಚಿನ ಮಾತಿನವೇ. ರೊಬಸ್ಟಾ ಕಾಫಿ ಮಾರಿ ಕೈಯಲ್ಲಿ ಒಂದಿಷ್ಟು ಕಾಸು ಓಡಾಡುವ ಹೊತ್ತು, ಮುಂದೆ ಸಾಲುಸಾಲು ಮದುವೆ, ಆಶ್ಚರ್ಯವೇನಿಲ್ಲ. ಮೊದಲ ಪ್ರಶ್ನೆ ದೊಡ್ಡದು, ಹಾಗಾಗಿ ಉತ್ತರವೂ ಉದ್ದವಾಗಿದೆ.

ಪ್ರಶ್ನೆ: ಮನೆಯಿಂದಲೇ ಆನ್‌ಲೈನಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ವಿದ್ಯಾರ್ಥಿಗಳಲ್ಲಿ ನಾಲ್ವರು ಚೀನೀ ಭಾಷೆಯವರು. ಅಮ್ಮನಿಗೆ ದುಬಾರಿ ರೇಷ್ಮೆ ಶಾಲು ಕೊಂಡದ್ದನ್ನು ಒಬ್ಬಳು ಖುಷಿಯಿಂದ ‘ಐ ಸ್ಕ್ವಾಂಡರ್ಡ್ ಮನಿ ಆನ್ ಎ ಶಾಲ್ ಫಾರ್ ಮೈ ಮದರ್’ ಎಂದು ಬರೆದಳು. ತಪ್ಪೆಂದು ಗೊತ್ತಾಯಿತು, ಯಾಕೆ ತಪ್ಪೆಂದು ಹೇಳಲು ಆಗಲಿಲ್ಲ. ಸ್ಪ್ಲರ್ಜ್, ಲ್ಯಾವಿಶ್, ಸ್ಕ್ವಾಂಡರ್, ಬ್ಲೋ – ಇವುಗಳ ನಡುವಿನ ಗೆರೆ ಎಲ್ಲಿ? (ಮಡಿಕೇರಿಯ ಶಿಕ್ಷಕಿ)

ಉತ್ತರ: ವ್ಯಾಕರಣ ಸರಿಯಾಗಿಯೇ ಇದೆ. ಕೆಟ್ಟಿರುವುದು ತೀರ್ಪು. ಆ ವಾಕ್ಯ ಓದಿದವರಿಗೆ ‘ಅಮ್ಮನ ಶಾಲಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತಾಯಿತು’ ಎಂದು ಕೇಳಿಸುತ್ತದೆ. ಹುಡುಗಿಯ ತಪ್ಪೂ ಅಲ್ಲ. ಚೀನೀ ಭಾಷೆಯಲ್ಲಿ ‘ಹ್ವೇಹ್ವೊ’ ಎಂಬ ಮಾತಿದೆ, ಎಣಿಕೆಯಿಲ್ಲದೆ ಹಣ ಚೆಲ್ಲುವುದು ಎಂದು ಅರ್ಥ. ನಿಘಂಟಿನಲ್ಲಿ ಸ್ಕ್ವಾಂಡರ್ ಹುಡುಕಿದರೂ ಸ್ಪ್ಲರ್ಜ್ ಹುಡುಕಿದರೂ ಸಾಮಾನ್ಯವಾಗಿ ಆ ಒಂದೇ ಮಾತು ಎದುರಾಗುತ್ತದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ತೆರೆದರೂ ಅದೇ ಪಾಡು: ಎಲ್ಲದಕ್ಕೂ ‘ದುಂದುವೆಚ್ಚ ಮಾಡು’. ಅಂದರೆ ನಿಮ್ಮ ವಿದ್ಯಾರ್ಥಿನಿ ಎಡವಿದ ಕಲ್ಲಿಗೇ ನಾವೂ ಎಡವುತ್ತೇವೆ. ಪಾಠ ಮಾಡಲು ಇದು ಅನುಕೂಲ.

ಪದ ಆರಿಸುವ ಮುಂಚೆ ಮೂರು ವಿಷಯ ಕೇಳಿಸಿ. ದುಡ್ಡು ಯಾರದು? ಖರ್ಚು ಮಾಡಿದ್ದು ಒಂದು ಸಲವೋ, ಅಭ್ಯಾಸವೋ? ಹೇಳುತ್ತಿರುವವರು ಖುಷಿಯಲ್ಲಿದ್ದಾರೋ, ಸಿಟ್ಟಿನಲ್ಲಿದ್ದಾರೋ?

ಸ್ಪ್ಲರ್ಜ್ ಎಂದರೆ ಸ್ವಂತ ದುಡ್ಡು, ಒಂದೇ ಸಲ, ಖುಷಿಗಾಗಿ. ‘ಸ್ವಲ್ಪ ಜಾಸ್ತಿಯೇ ಆಯ್ತು, ಆದರೂ ಇರಲಿ’ ಎಂಬ ನಗು ಅದರೊಳಗೇ ಇದೆ. 19ನೇ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಾತು ಇದು. ಮೊದಲು ಆಡಂಬರದ ಪ್ರದರ್ಶನ ಎಂದಿತ್ತು, ಆಮೇಲೆ ಖರ್ಚಿಗೆ ಅಂಟಿಕೊಂಡಿತು. ಬ್ರಿಟನ್ನಿನವರು ಇದೇ ಜಾಗದಲ್ಲಿ ‘ಸ್ಪ್ಲಾಶ್ ಔಟ್’ ಎನ್ನುವುದು ಹೆಚ್ಚು. ಎರಡರ ನಂತರವೂ ‘ಆನ್’ ಬರಬೇಕು: ‘ಐ ಸ್ಪ್ಲರ್ಜ್ಡ್ ಆನ್ ಎ ಸಿಲ್ಕ್ ಶಾಲ್ ಫಾರ್ ಮೈ ಮದರ್.’ ನಿಮ್ಮ ಹುಡುಗಿ ಬರೆಯಬೇಕಾಗಿದ್ದದ್ದು ಇದು.

ಸ್ಕ್ವಾಂಡರ್ ಆಪಾದನೆಯ ಪದ. ಕೈಯಲ್ಲಿದ್ದದ್ದು ಹೋಯಿತು, ಬದಲಿಗೆ ಏನೂ ಬರಲಿಲ್ಲ. ಅಪ್ಪನ ಆಸ್ತಿ, ಸರ್ಕಾರದ ಅನುದಾನ, ವಯಸ್ಸು, ಅವಕಾಶ, ಏನನ್ನು ಬೇಕಾದರೂ ಸ್ಕ್ವಾಂಡರ್ ಮಾಡಬಹುದು. ಕೊಡಗಿನವರಿಗೆ ಇದನ್ನು ಹಾಕಿಯಲ್ಲಿ ಹೇಳಿದರೆ ತಕ್ಷಣ ಹಿಡಿಯುತ್ತದೆ: ಎರಡು ಗೋಲಿನ ಮುನ್ನಡೆ ಇಟ್ಟುಕೊಂಡು ಸೋತ ತಂಡ ‘ಸ್ಕ್ವಾಂಡರ್ಡ್ ಎ ಟೂ-ಗೋಲ್ ಲೀಡ್’, ಪೆನಾಲ್ಟಿ ಕಾರ್ನರ್ ಕೈಚೆಲ್ಲಿದವರು ‘ಸ್ಕ್ವಾಂಡರ್ಡ್ ಎ ಪೆನಾಲ್ಟಿ ಕಾರ್ನರ್’. ಕೈಚೆಲ್ಲು – ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತಿಲ್ಲ. ರಚನೆಯಲ್ಲೂ ಒಂದು ಭೇದವಿದೆ. ‘ಐ ಸ್ಪ್ಲರ್ಜ್ಡ್ ಆನ್ ಎ ಶಾಲ್’ ನಡೆಯುತ್ತದೆ, ‘ಐ ಸ್ಕ್ವಾಂಡರ್ಡ್ ಆನ್ ಎ ಶಾಲ್’ ನಡೆಯುವುದಿಲ್ಲ. ಏನನ್ನು ಕೈಚೆಲ್ಲಿದಿರಿ ಎಂದು ನಡುವೆ ಹೇಳಲೇಬೇಕು: ಸ್ಕ್ವಾಂಡರ್ಡ್ ಹಿಸ್ ಸ್ಯಾಲರಿ ಆನ್…

ಲ್ಯಾವಿಶ್ ಗುಣವಾಚಕವೂ ಹೌದು, ಕ್ರಿಯಾಪದವೂ ಹೌದು. ಹಳೆಯ ಫ್ರೆಂಚಿನಲ್ಲಿ ‘ಲವಾಸ್’ ಎಂದರೆ ಜಡಿಮಳೆ. ಅಲ್ಲಿಂದ ಬಂದ ಪದ. ಜುಲೈ ತಿಂಗಳ ಭಾಗಮಂಡಲವನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಹಣದ ಹೊಳೆ ಹರಿಸಿದರು, ಉಡುಗೊರೆಯ ಮಳೆ ಸುರಿಸಿದರು ಎಂದು ನಾವು ಹೇಳುವುದೂ ಇದೇ ಜಾಡಿನಲ್ಲಿ. ಕ್ರಿಯಾಪದವಾದಾಗ ಸುರಿಸಿದ್ದು ಮೊದಲು, ನೆನೆದವರು ಆಮೇಲೆ: ‘ಶಿ ಲ್ಯಾವಿಶ್ಡ್ ಗಿಫ್ಟ್ಸ್ ಆನ್ ಹರ್ ಮದರ್.’ ಹಣವೇ ಆಗಬೇಕೆಂದಿಲ್ಲ, ಮೆಚ್ಚುಗೆ, ಆರೈಕೆ, ಪ್ರೀತಿಯನ್ನೂ ಹೀಗೆ ಸುರಿಸಬಹುದು. ಬೈಗುಳದ ವಾಸನೆ ಇದರಲ್ಲಿ ಕಡಿಮೆ.

ಬ್ಲೋ ಪೂರ್ತಿ ಆಡುಮಾತು. ಉಫ್ ಎಂದು ಊದಿದಷ್ಟು ಹೊತ್ತಿನಲ್ಲಿ ದುಡ್ಡು ಮಾಯ. ‘ಹಿ ಬ್ಲೂ ಹಿಸ್ ಬೋನಸ್ ಆನ್ ಎ ವಾಚ್.’ ಭೂತಕಾಲದ ರೂಪ ನೀಲಿ ಬಣ್ಣದ ಹೆಸರಿನಂತೆಯೇ ಕೇಳಿಸುವುದರಿಂದ ಉಕ್ತಲೇಖನದಲ್ಲಿ ಕಾಗುಣಿತ ಕೆಡುತ್ತದೆ. ಪರೀಕ್ಷೆಯ ಪ್ರಬಂಧದಲ್ಲಿ, ಕಚೇರಿ ಪತ್ರದಲ್ಲಿ ಈ ಪದ ಬೇಡ.

ಅಭ್ಯಾಸಕ್ಕೆ ಹೀಗೆ ಮಾಡಿಸಿ. ಘಟನೆ ಒಂದೇ ಇರಲಿ: ಹುಡುಗನೊಬ್ಬ 4,000 ಯುವಾನ್ ಕೊಟ್ಟು ಫೋನ್ ಕೊಂಡ. ಹೇಳುವವರನ್ನು ಮಾತ್ರ ಬದಲಾಯಿಸುತ್ತ ಹೋಗಿ. ಅವನೇ ಹೇಳಿದರೆ ಸ್ಪ್ಲರ್ಜ್ಡ್. ಗೆಳೆಯ ಹೇಳಿದರೆ ಬ್ಲೂ. ಅಪ್ಪ ಹೇಳಿದರೆ ಸ್ಕ್ವಾಂಡರ್ಡ್. ಅಂಗಡಿಯ ಜಾಹೀರಾತು ಹೇಳಿದರೆ ‘ಟ್ರೀಟ್ ಯುವರ್‌ಸೆಲ್ಫ್’. ನಾಲ್ಕು ವಾಕ್ಯ ಬರೆದ ಮೇಲೆ ನಿಘಂಟಿನ ಹಂಗು ಬೇಕಾಗುವುದಿಲ್ಲ.

ಇನ್ನು ಸ್ಪೆಂಡ್ ಮತ್ತು ಕಾಸ್ಟ್. ಇಲ್ಲಿ ಅವರ ತಪ್ಪು ಬೇರೆ, ನಮ್ಮ ತಪ್ಪು ಬೇರೆ. ಚೀನೀ ಭಾಷೆಯಲ್ಲಿ ಖರ್ಚು ಮಾಡು ಎನ್ನುವುದಕ್ಕೆ ‘ಹ್ವಾ’ (ಹೂವಿಗೂ ಅದೇ ಅಕ್ಷರ, ಅದೇ ಉಚ್ಚಾರ). ‘ಈ ಚೀಲ ನನ್ನಿಂದ 500 ಯುವಾನ್ ಹ್ವಾ ಮಾಡಿಸಿತು’ ಎಂಬ ಅರ್ಥದಲ್ಲಿ ವಸ್ತುವನ್ನೇ ಕರ್ತೃವಾಗಿಸಿ ಹೇಳುವುದು ಅಲ್ಲಿ ಸಹಜ. ಅದರಿಂದಲೇ ‘ದ ಬ್ಯಾಗ್ ಸ್ಪೆಂಟ್ ಮಿ 500 ಯುವಾನ್’ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಸ್ಪೆಂಡ್ ಮಾಡುವುದು ಮನುಷ್ಯ, ಕಾಸ್ಟ್ ಆಗುವುದು ವಸ್ತು: ‘ದ ಬ್ಯಾಗ್ ಕಾಸ್ಟ್ ಮಿ 500 ಯುವಾನ್.’ ನಾವಾದರೋ ‘ಚೀಲಕ್ಕೆ ಖರ್ಚು ಮಾಡಿದೆ’ ಎನ್ನುತ್ತೇವೆ. ಆ ‘ಕ್ಕೆ’ ಇಂಗ್ಲಿಷಿಗೆ ಹೋಗುವಾಗ ‘ಫಾರ್’ ಆಗಿ ‘ಸ್ಪೆಂಟ್ ಫಾರ್ ದ ಬ್ಯಾಗ್’ ಬರುತ್ತದೆ. ಬೇಕಾದದ್ದು ‘ಆನ್’. ಇಬ್ಬರಿಗೂ ಸಮಾನವಾದ ತಪ್ಪು ‘ದ ಪ್ರೈಸ್ ಈಸ್ ಎಕ್ಸ್‌ಪೆನ್ಸಿವ್’. ವಸ್ತು ಎಕ್ಸ್‌ಪೆನ್ಸಿವ್, ಬೆಲೆ ಹೈ. ನಮ್ಮೂರಿನ ‘ರೇಟ್ ಕಾಸ್ಟ್ಲಿ’ಯೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಅವರ ನುಡಿಗಟ್ಟುಗಳನ್ನು ಪದಕ್ಕೆ ಪದ ಇಟ್ಟು ಹೇಳಲು ಬಿಡಬೇಡಿ. ಕೈ ಬಿಗಿಯಿಲ್ಲದವನನ್ನು ಅವರು ‘ದಾ ಶೋ ದಾ ಜ್ಯಾವ್’ ಎನ್ನುತ್ತಾರೆ: ದೊಡ್ಡ ಕೈ, ದೊಡ್ಡ ಕಾಲು. ಇಂಗ್ಲಿಷಿನವರಿಗೆ ‘ಬಿಗ್ ಹ್ಯಾಂಡ್ಸ್ ಅಂಡ್ ಬಿಗ್ ಫೀಟ್’ ಎಂದರೆ ಕೈಗವಸು, ಬೂಟಿನ ಅಳತೆಯಷ್ಟೇ. ‘ಹಿ ಈಸ್ ಫ್ರೀ ವಿತ್ ಹಿಸ್ ಮನಿ’ ಸಾಕು. ನವೆಂಬರ್ 11ರ ಆನ್‌ಲೈನ್ ರಿಯಾಯಿತಿ ಮಾರಾಟ ಚೀನಾದಲ್ಲಿ 2009ರಲ್ಲಿ ಶುರುವಾಯಿತು. ಅಂದು ಮಿತಿಮೀರಿ ಕೊಂಡವರು ‘ದ್ವೊ ಶೋ’ ಎಂದು ಹಲುಬುತ್ತಾರೆ, ಕೈ ಕತ್ತರಿಸಿಕೊಳ್ಳಬೇಕು ಎಂದು. ಅದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದರೆ ಕೇಳಿದವರು ಗಾಬರಿಬಿದ್ದಾರು. ‘ಐ ವೆಂಟ್ ಆನ್ ಎ ಸ್ಪೆಂಡಿಂಗ್ ಸ್ಪ್ರೀ’ ಎನ್ನಿಸಿ.

ಎಲ್ಲಕ್ಕಿಂತ ಸ್ವಾರಸ್ಯದ್ದು ‘ಯುಎ ಗ್ವಾಂಗ್ ಜು’. ಯುಎ ಎಂದರೆ ಚಂದ್ರ, ತಿಂಗಳು ಎರಡೂ (ನಮ್ಮ ‘ತಿಂಗಳು’ ಪದಕ್ಕೂ ಎರಡೂ ಅರ್ಥ ಇದೆಯಲ್ಲ). ಗ್ವಾಂಗ್ ಎಂದರೆ ಬೆಳಕು, ಪೂರಾ ಖಾಲಿ ಎಂಬ ಅರ್ಥವೂ ಇದೆ. ತಿಂಗಳ ಸಂಬಳ ತಿಂಗಳಲ್ಲೇ ಖಾಲಿ ಮಾಡುವ ಯುವಕರಿಗೆ ‘ಬೆಳದಿಂಗಳ ಕುಲ’ ಎಂದು ಹೆಸರು. ಆದರೆ ವಿದ್ಯಾರ್ಥಿ ‘ಐ ಆ್ಯಮ್ ಎ ಮೂನ್‌ಲೈಟರ್’ ಎಂದನೋ, ಕೇಳಿದವರಿಗೆ ‘ಕದ್ದು ಎರಡನೇ ಕೆಲಸ ಮಾಡುವವನು’ ಎಂದು ಅರ್ಥವಾಗುತ್ತದೆ. 2022ರಲ್ಲಿ ನಮ್ಮ ಐಟಿ ಕಂಪನಿಗಳ ಸುದ್ದಿಯಲ್ಲಿ ಓಡಾಡಿದ ಮೂನ್‌ಲೈಟಿಂಗ್ ಅದೇ. ‘ಲಿವಿಂಗ್ ಪೇಚೆಕ್ ಟು ಪೇಚೆಕ್’ ಕೂಡ ಇಲ್ಲಿ ಸರಿಹೊಂದದು. ಅದರಲ್ಲಿ ಸಂಬಳ ಸಾಲದ ಬಡತನದ ನೋವಿದೆ, ಮೋಜಿಲ್ಲ. ನೇರವಾಗಿ ‘ಐ ಸ್ಪೆಂಡ್ ಎವ್ರಿ ಲಾಸ್ಟ್ ಯುವಾನ್ ಐ ಅರ್ನ್’ ಎಂದರೆ ಮುಗಿಯಿತು.

ಉಚ್ಚಾರದ ವಿಷಯ ಎರಡು ಮಾತು. ಮ್ಯಾಂಡರಿನ್‌ನಲ್ಲಿ ಪದದ ಮೊದಲಿಗೆ ಒತ್ತಕ್ಷರದ ಗುಂಪು ಇಲ್ಲ, ಕೊನೆಗೆ ‘ಜ್’ನಂಥ ವ್ಯಂಜನವೂ ನಿಲ್ಲದು. ಹಾಗಾಗಿ ಸ್ಪ್ಲರ್ಜ್ ಅವರ ಬಾಯಲ್ಲಿ ‘ಸಿಪುಲರ್ಜಿ’ ಆಗುತ್ತದೆ. ನಮ್ಮವರ ಬಾಯಲ್ಲಿ ಮೊದಲು ಸರಿಯಿದ್ದರೂ ಬಸ್ಸು ಕಾರಿನ ಹಾಗೆ ಕೊನೆಗೊಂದು ‘ಉ’ ಸೇರಿ ‘ಸ್ಪ್ಲರ್ಜು’. ಹಿಂದಿನಿಂದ ಕಟ್ಟಿಸಿ: ಅರ್ಜ್, ಲರ್ಜ್, ಪ್ಲರ್ಜ್, ಸ್ಪ್ಲರ್ಜ್. ಪ್ರತಿ ಹಂತ ಐದು ಸಲ, ಒಂದೇ ಉಸಿರಿನಲ್ಲಿ. ಲ್ಯಾವಿಶ್‌ನ ‘ವಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ತುಟಿ ದುಂಡಗಾದರೆ ತಪ್ಪು. ಇದರಲ್ಲಿ ಟೀಚರ್ ಕೂಡ ಒಮ್ಮೆ ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು, ಕನ್ನಡದ ‘ವ’ ಎರಡರ ನಡುವೆ ಜಾರುತ್ತಿರುತ್ತದೆ.

ಪ್ರಶ್ನೆ: ಸಿಂಗಪುರದಿಂದ ಬಂದಿದ್ದ ಚೀನೀ ಭಾಷೆಯ ದಂಪತಿಗೆ ಹೊರಡುವಾಗ ಅರ್ಧ ಕಿಲೋ ಕಾಳುಮೆಣಸು, ಒಂದು ಬಾಟಲಿ ಜೇನು ಕೊಟ್ಟೆವು. ಆಕೆ ‘ವೈ ಡು ಯು ವೇಸ್ಟ್ ಸೋ ಮಚ್ ಮನಿ’ ಎಂದರು. ಮನೆಯವರಿಗೆ ಬೇಸರವಾಯಿತು. (ಸುಂಟಿಕೊಪ್ಪದ ಹೋಂಸ್ಟೇ ಮಾಲೀಕರು)

ಉತ್ತರ: ಬೇಸರ ಬೇಡ, ಆಕೆ ತುಂಬಾ ಮರ್ಯಾದೆಯಿಂದಲೇ ಮಾತಾಡಿದ್ದಾರೆ. ಚೀನೀ ಭಾಷೆಯಲ್ಲಿ ಆತಿಥ್ಯ ಪಡೆದವರು ‘ಪೋಫೇಯ್’ ಎಂಬ ಪದ ಬಳಸಿ, ನಮ್ಮಿಂದಾಗಿ ನಿಮಗೆ ಖರ್ಚಾಯಿತಲ್ಲ ಎಂದು ಸಂಕೋಚ ತೋರಿಸುತ್ತಾರೆ. ನಾವು ‘ಅಯ್ಯೋ, ಯಾಕೆ ಇಷ್ಟೆಲ್ಲ ದುಡ್ಡು ದಂಡ ಮಾಡಿದ್ರಿ’ ಎನ್ನುವುದಿಲ್ಲವೇ? ಅದೇ. ಅದನ್ನು ಯಾರೂ ಬೈಗುಳವೆಂದು ತಿಳಿಯುವುದಿಲ್ಲ. ಇಂಗ್ಲಿಷಿಗೆ ಹೋದಾಗ ಸಂಕೋಚ ಸೋರಿಹೋಗಿ ‘ವೇಸ್ಟ್’ ಮಾತ್ರ ಉಳಿಯುತ್ತದೆ. ಆಗ ಉಡುಗೊರೆಯೇ ಕೆಲಸಕ್ಕೆ ಬಾರದ್ದು ಎಂಬ ಧ್ವನಿ.

ಇಂಗ್ಲಿಷಿನವರು ಈ ಸಂದರ್ಭಕ್ಕೆ ಇಟ್ಟುಕೊಂಡಿರುವುದು ಮೂರೇ ಪದ: ‘ಯು ಶುಡ್‌ನ್ಟ್ ಹ್ಯಾವ್.’ ವಾಕ್ಯ ಅಲ್ಲಿಗೇ ನಿಲ್ಲಬೇಕು. ಮುಂದುವರಿಸಿ ‘ಯು ಶುಡ್‌ನ್ಟ್ ಹ್ಯಾವ್ ಸ್ಪೆಂಟ್ ಸೋ ಮಚ್’ ಎಂದರೆ ಮತ್ತೆ ಗದರಿಕೆಯ ಹತ್ತಿರ ಹೋಗುತ್ತದೆ. ನೀವೂ ವಿದೇಶಿ ಅತಿಥಿ ಏನಾದರೂ ತಂದುಕೊಟ್ಟಾಗ ‘ವೈ ಆಲ್ ದಿಸ್’ ಎನ್ನುವ ಅಭ್ಯಾಸ ಬಿಡಿ. ‘ಓ, ಯು ಶುಡ್‌ನ್ಟ್ ಹ್ಯಾವ್’ ಎಂದು ನಕ್ಕು ತೆಗೆದುಕೊಳ್ಳಿ.

ಪ್ರಶ್ನೆ: ಹೋಂಸ್ಟೇ ಬೋರ್ಡಿಗೆ ‘ಲಕ್ಷುರಿಯಂಟ್ ರೂಮ್ಸ್, ನೋ ಎಕ್ಸ್‌ಟ್ರಾವಗಂಟ್ ಚಾರ್ಜಸ್’ ಎಂದು ಬರೆಸಿದ್ದೇವೆ. ಒಬ್ಬರು ನಕ್ಕರು. ತಪ್ಪೇನು? (ನಾಪೋಕ್ಲು)

ಉತ್ತರ: ಲಕ್ಷುರಿಯಂಟ್ ಎಂದರೆ ದಟ್ಟವಾಗಿ, ಸೊಂಪಾಗಿ ಬೆಳೆದದ್ದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಲಕ್ಷುರಿಯಂಟ್, ತಲೆಗೂದಲೂ ಆಗಬಹುದು. ಕೋಣೆ ಲಕ್ಷುರಿಯಂಟ್ ಆದರೆ ಗೋಡೆಯಲ್ಲಿ ಪಾಚಿ ಬೆಳೆದಿದೆಯೇನೋ ಎಂದು ಅನುಮಾನ ಬರುತ್ತದೆ, ಕೊಡಗಿನ ಮಳೆಗಾಲದಲ್ಲಿ ಅದು ದೂರದ ಮಾತೂ ಅಲ್ಲ. ಐಷಾರಾಮಿಗೆ ಲಕ್ಷುರಿಯಸ್. ಕರೆಂಟ್ ಹೋದರೆ ಬಿಸಿನೀರು ನಿಲ್ಲುತ್ತದೆ ಎಂದಾದರೆ ಅದೂ ಬೇಡ, ‘ಕಂಫರ್ಟಬಲ್’ ಸಾಕು. ಬೋರ್ಡಿನ ಪದವನ್ನೇ ಹಿಡಿದು ಆಮೇಲೆ ವಿಮರ್ಶೆ ಬರೆಯುವವರಿದ್ದಾರೆ.

ಎಕ್ಸ್‌ಟ್ರಾವಗಂಟ್ ಹೆಚ್ಚಾಗಿ ಖರ್ಚು ಮಾಡುವವರ ಗುಣ, ಅವರ ಜೀವನಶೈಲಿಯ ಗುಣ. ಲ್ಯಾಟಿನ್ ಮೂಲದಲ್ಲಿ ‘ಹೊರಗೆ ಅಲೆಯುವುದು’, ಬೇಲಿ ದಾಟಿದ ದನದ ಹಾಗೆ. ಅದಕ್ಕೇ ಮಿತಿಮೀರಿದ ಹೊಗಳಿಕೆಯೂ ‘ಎಕ್ಸ್‌ಟ್ರಾವಗಂಟ್ ಪ್ರೇಸ್’. ಒತ್ತು ಎರಡನೇ ಉಚ್ಚಾರಾಂಶದ ಮೇಲೆ: ಇಕ್-ಸ್ಟ್ರಾ-ವಗಂಟ್, ‘ಎಕ್ಸ್‌ಟ್ರಾ’ ಎಂದು ಬಿಡಿಸಿ, ಮುಂದೆ ‘ವೇಗಂಟ್’ ಎಂದು ಎಳೆಯಬಾರದು. ಹೊಟ್ಟೆ ಉರಿಸುವಷ್ಟು ದುಬಾರಿ ದರಕ್ಕೆ ಬೇರೆ ಪದವಿದೆ: ಎಕ್ಸಾರ್ಬಿಟೆಂಟ್, ಮೂಲದಲ್ಲಿ ಗಾಡಿ ಜಾಡು ಬಿಟ್ಟು ಹೋದದ್ದು. ಆದರೆ ಯಾವ ಹೋಟೆಲೂ ‘ನಮ್ಮಲ್ಲಿ ಸುಲಿಗೆ ಇಲ್ಲ’ ಎಂದು ಬೋರ್ಡು ಹಾಕುವುದಿಲ್ಲ. ‘ನೋ ಹಿಡನ್ ಚಾರ್ಜಸ್’ ಎಂದು ಬದಲಾಯಿಸಿ.

ಪ್ರಶ್ನೆ: ಸ್ಪೆಂಡ್‌ಥ್ರಿಫ್ಟ್ ಎಂದರೆ ಜಿಪುಣನೋ ದುಂದುಗಾರನೋ? ಥ್ರಿಫ್ಟ್ ಎಂದರೆ ಮಿತವ್ಯಯ ಎಂದು ಓದಿದ್ದೇನೆ. ಹಾಗೆಯೇ ‘ಪ್ರಾಡಿಗಲ್ ಸನ್’ ಎಂದರೆ ಮನೆ ಬಿಟ್ಟು ಓಡಿಹೋಗಿ ವಾಪಸ್ ಬಂದ ಮಗ ತಾನೆ? (ವಿರಾಜಪೇಟೆಯ ಪಿಯು ವಿದ್ಯಾರ್ಥಿ)

ಉತ್ತರ: ದುಂದುಗಾರ. ಪದದ ಎರಡನೇ ಅರ್ಧ ಎಲ್ಲರನ್ನೂ ಮೋಸ ಮಾಡುತ್ತದೆ. ಥ್ರಿಫ್ಟ್ ‘ಥ್ರೈವ್’ ಎಂಬುದರ ನೆಂಟ. ಹಿಂದೆ ಅದಕ್ಕೆ ಏಳಿಗೆ, ಕೂಡಿಟ್ಟ ಸಂಪತ್ತು ಎಂಬ ಅರ್ಥವಿತ್ತು. ಆ ಥ್ರಿಫ್ಟನ್ನೇ ಸ್ಪೆಂಡ್ ಮಾಡಿ ಮುಗಿಸುವವನು ಸ್ಪೆಂಡ್‌ಥ್ರಿಫ್ಟ್. ಪಾಕೆಟ್ಟನ್ನು ಪಿಕ್ ಮಾಡುವವನು ಪಿಕ್‌ಪಾಕೆಟ್, ಕಾಗೆಯನ್ನು ಹೆದರಿಸುವುದು ಸ್ಕೇರ್‌ಕ್ರೋ. ಇದೂ ಅದೇ ಅಚ್ಚು. ಕನ್ನಡದಲ್ಲಿ ‘ಮನೆಹಾಳ’ ಹೀಗೇ ಕಟ್ಟಿದ ಪದ, ನಮ್ಮಲ್ಲಿ ಕ್ರಿಯೆ ಕೊನೆಗೆ ಬರುವುದರಿಂದ ಕ್ರಮ ತಿರುಗಿದೆ ಅಷ್ಟೆ. ಮಿತವ್ಯಯಿ ಬೇಕಿದ್ದರೆ ‘ಥ್ರಿಫ್ಟಿ’. ಅದು ಹೊಗಳಿಕೆ, ಜಿಪುಣನಿಗೆ ‘ಸ್ಟಿಂಜಿ’, ‘ಮೈಸರ್‌ಲಿ’.

ಪ್ರಾಡಿಗಲ್ ಎಂಬುದಕ್ಕೂ ವಾಪಸ್ ಬರುವುದಕ್ಕೂ ಸಂಬಂಧವೇ ಇಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆಯಲ್ಲಿ ಕಿರಿಯ ಮಗ ತನ್ನ ಪಾಲಿನ ಆಸ್ತಿ ತೆಗೆದುಕೊಂಡು ದೂರದೇಶಕ್ಕೆ ಹೋಗಿ ಹಾಳುಮಾಡುತ್ತಾನೆ, ಕೊನೆಗೆ ಮನೆಗೆ ಮರಳುತ್ತಾನೆ. ಪ್ರಾಡಿಗಲ್ ಎಂದು ಕರೆದದ್ದು ಆಸ್ತಿ ಹಾಳುಮಾಡಿದ್ದಕ್ಕೆ. ಜನರಿಗೆ ಮರಳಿದ್ದೇ ನೆನಪಿನಲ್ಲಿ ಉಳಿಯಿತು. ಪಕ್ಷ ಬಿಟ್ಟು ವಾಪಸಾದ ರಾಜಕಾರಣಿಗೂ ಪತ್ರಿಕೆಗಳು ಈ ಬಿರುದು ಕೊಡುತ್ತವೆ. ಪರೀಕ್ಷೆಯಲ್ಲಿ ಸಮಾನಾರ್ಥಕ ಕೇಳಿದರೆ ‘ವೇಸ್ಟ್‌ಫುಲ್’ ಬರೆಯಿರಿ. ಪ್ರಾಡಿಜಿ ಬೇರೆ, ಅದು ಬಾಲಪ್ರತಿಭೆ.

ಪ್ರಶ್ನೆ: ‘ಈರುಳ್ಳಿ ಬೆಲೆ ಜೇಬಿಗೆ ತೂತು ಸುಟ್ಟಿತು’ ಎಂಬರ್ಥದಲ್ಲಿ ‘ಬರ್ನ್ ಎ ಹೋಲ್ ಇನ್ ದ ಪಾಕೆಟ್’ ಬರೆದಿದ್ದಕ್ಕೆ ವಿದೇಶಕ್ಕೆ ಹೋಗುವ ಪರೀಕ್ಷೆಯ ತರಬೇತಿಯಲ್ಲಿ ಕೆಂಪು ಗೆರೆ ಎಳೆದರು. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ದಿನಾ ಬರುತ್ತದಲ್ಲ? (ಪೊನ್ನಂಪೇಟೆ)

ಉತ್ತರ: ಬರುತ್ತದೆ, ಭಾರತದಲ್ಲಿ ಓದಿದವರಿಗೆ ಅರ್ಥವೂ ಆಗುತ್ತದೆ. ಆದರೆ ನುಡಿಗಟ್ಟಿನ ಮೂಲ ಅರ್ಥ ತದ್ವಿರುದ್ಧದ ದಿಕ್ಕಿನದು. ಅಲ್ಲಿ ಸುಡುವುದು ಬೆಲೆಯಲ್ಲ, ಜೇಬಿನಲ್ಲಿರುವ ದುಡ್ಡೇ. ‘ಮನಿ ಬರ್ನ್ಸ್ ಎ ಹೋಲ್ ಇನ್ ಹಿಸ್ ಪಾಕೆಟ್’ ಎಂದರೆ ಜೇಬಿನಲ್ಲಿ ಕಾಸಿದ್ದರೆ ಅವನಿಗೆ ಕೆಂಡ ಇಟ್ಟುಕೊಂಡಂತೆ, ಖರ್ಚು ಮಾಡುವವರೆಗೆ ಸಮಾಧಾನವಿಲ್ಲ. ಕಾಫಿ ಮಾರಿದ ಮರುವಾರವೇ ಷೋರೂಮಿನ ಮುಂದೆ ನಿಲ್ಲುವವರಿಗೆ ಸರಿಹೋಗುವ ಮಾತು. ನಾವು ‘ಜೇಬಿಗೆ ಕತ್ತರಿ’ಯ ಅರ್ಥವನ್ನು ಇದಕ್ಕೆ ತುಂಬಿಬಿಟ್ಟಿದ್ದೇವೆ.

ಬೆಲೆ ಭಾರ ಎನ್ನಲು ಬೇರೆ ದಾರಿಗಳಿವೆ. ಆಡುಮಾತಿನಲ್ಲಿ ‘ಇಟ್ ಕಾಸ್ಟ್ ಆ್ಯನ್ ಆರ್ಮ್ ಅಂಡ್ ಎ ಲೆಗ್’. ಕೈಕಾಲು ಎಂದು ನೆನೆದು ‘ಎ ಹ್ಯಾಂಡ್ ಅಂಡ್ ಎ ಲೆಗ್’ ಮಾಡಬೇಡಿ, ತೋಳೇ ಇರಲಿ. ಮೊತ್ತ ಹೇಳಬೇಕಿದ್ದರೆ ‘ದ ರಿಪೇರ್ ಸೆಟ್ ಮಿ ಬ್ಯಾಕ್ 3,000 ರುಪೀಸ್’, ಮೊತ್ತಕ್ಕೆ ಮೊದಲು ‘ಬೈ’ ಬೇಡ. ಮನಸ್ಸಿಲ್ಲದೆ ಬಿಚ್ಚಿದ ದುಡ್ಡಿಗೆ ‘ಶೆಲ್ ಔಟ್’, ‘ಫೋರ್ಕ್ ಔಟ್’. ಇವೆರಡರ ನಂತರ ಮಾತ್ರ ‘ಫಾರ್’ ಸಲ್ಲುತ್ತದೆ. ಇನ್ನು ನಮ್ಮ ‘ಮೆಣಸಿನ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡೆ’ ಎಂಬುದು ಇಂಗ್ಲಿಷಿನಲ್ಲೂ ಇದೆ, ಸುಡುವುದು ಬೆರಳು: ‘ಐ ಗಾಟ್ ಮೈ ಫಿಂಗರ್ಸ್ ಬರ್ನ್ಟ್.’

ಪ್ರಶ್ನೆ: ಮಗಳ ಮದುವೆಗೆ ಬಂದಿದ್ದ ಅವಳ ಆಫೀಸಿನ ವಿದೇಶಿ ಸಹೋದ್ಯೋಗಿ ‘ವಾಟ್ ಎ ಲ್ಯಾವಿಶ್ ವೆಡಿಂಗ್’ ಎಂದರು. ದುಂದು ಎಂದು ಕುಟುಕಿದರೇ? (ಗೋಣಿಕೊಪ್ಪ)

ಉತ್ತರ: ಇಲ್ಲ, ಮೆಚ್ಚಿದ್ದಾರೆ. ವಾಲಗ, ಎರಡು ದಿನದ ಗದ್ದಲ, ಪಂದಿಕರಿ, ಕಡಂಬುಟ್ಟು, ಬಂದವರಿಗೆಲ್ಲ ಸಾಕೆನ್ನುವಷ್ಟು ಬಡಿಸುವುದು – ಲ್ಯಾವಿಶ್‌ಗೆ ಇನ್ನೇನು ಬೇಕು. ‘ಎಕ್ಸ್‌ಟ್ರಾವಗಂಟ್’ ಅಂದಿದ್ದರೆ ಹುಬ್ಬು ಸ್ವಲ್ಪ ಏರಿದೆ ಎಂದರ್ಥ. ‘ಓವರ್ ದ ಟಾಪ್’ ಅಂದಿದ್ದರೆ ಅತಿಯಾಯಿತು ಎಂದೇ. ‘ಆಸ್ಟೆಂಟೇಷಿಯಸ್’ ಅಂದಿದ್ದರೆ ಮುಂದಿನ ಮದುವೆಗೆ ಕರೆಯಬೇಕಿಲ್ಲ. ಧನ್ಯವಾದದ ಉತ್ತರದಲ್ಲಿ ‘ವಿ ಸ್ಪೇರ್ಡ್ ನೋ ಎಕ್ಸ್‌ಪೆನ್ಸ್’ ಎಂದು ನೀವೇ ಬರೆದುಕೊಂಡರೆ ಜಂಬವಾಗುತ್ತದೆ, ಅದನ್ನು ಅತಿಥಿಗೇ ಬಿಡಿ.

ಸಾಲ ಮಾಡಿ ತೋರಿಕೆಗೆ ಮಾಡಿದ ಮದುವೆಯ ಬಗ್ಗೆ ಬೇಕಿದ್ದರೆ ‘ಟು ಕೀಪ್ ಅಪ್ ಅಪಿಯರೆನ್ಸಸ್’. ಪಕ್ಕದ ತೋಟದವರು ಮಾಡಿದರೆಂದು ನಾವೂ ಮಾಡಿದರೆ ‘ಕೀಪಿಂಗ್ ಅಪ್ ವಿತ್ ದ ಜೋನ್ಸಸ್’, 1913ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಪತ್ರಿಕಾ ಚಿತ್ರಮಾಲೆಯ ಹೆಸರು ಅದು. ಚೀನೀಯರಲ್ಲಿ ‘ದಪ್ಪಗೆ ಕಾಣಲು ಮುಖಕ್ಕೆ ತಾನೇ ಹೊಡೆದು ಊದಿಸಿಕೊಂಡ’ ಎಂಬ ಗಾದೆಯಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದವನು ಇದನ್ನು ಕೇಳಿದರೆ ನೆಂಟಸ್ತಿಕೆ ಬೆಳೆಸಿಯಾನು.

ಪ್ರಶ್ನೆ: ‘ಪೆನ್ನಿ ವೈಸ್, ಪೌಂಡ್ ಫೂಲಿಶ್’ ಯಾವಾಗ ಬಳಸಬೇಕು? (ಸೋಮವಾರಪೇಟೆ)

ಉತ್ತರ: ಚಿಲ್ಲರೆ ಉಳಿಸಿ ಗಂಟು ಕಳೆದುಕೊಂಡಾಗ. 1971ರ ಫೆಬ್ರವರಿವರೆಗೆ ಒಂದು ಪೌಂಡಿಗೆ 240 ಪೆನ್ನಿ, ಈಗ 100. ತೋಟದ ಉದಾಹರಣೆ: ಕೊಳೆರೋಗ ತಡೆಯಲು ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮೈಲುತುತ್ತ ದುಬಾರಿಯೆಂದು ಅರ್ಧಕ್ಕಿಳಿಸಿದವನಿಗೆ ಕೊಳೆರೋಗ ಬಂದು ಕಾಯಿ ಉದುರಿದರೆ ‘ಹಿ ವಾಸ್ ಪೆನ್ನಿ-ವೈಸ್ ಅಂಡ್ ಪೌಂಡ್-ಫೂಲಿಶ್’. ಇದು ಗುಣವಾಚಕ, ಇದಕ್ಕೆ ಮೊದಲು ‘ವಾಸ್’, ‘ಈಸ್’ ಇರಲೇಬೇಕು. ಅವನು ಮಾಡಿದ ಕೆಲಸಕ್ಕೆ ಕ್ರಿಯಾಪದ ‘ಸ್ಕಿಂಪ್’: ‘ಹಿ ಸ್ಕಿಂಪ್ಡ್ ಆನ್ ಕಾಪರ್ ಸಲ್ಫೇಟ್.’ ಸ್ಪ್ಲರ್ಜ್‌ಗೆ ಸರಿಯಾದ ವಿರುದ್ಧಪದವೂ ಇದೇ, ಇದರ ನಂತರವೂ ‘ಆನ್’.

ಪ್ರಶ್ನೆ: ‘ವೈಟ್ ಎಲಿಫೆಂಟ್’ ಮತ್ತು ನಮ್ಮ ಐರಾವತ ಒಂದೇನಾ? (ಕುಶಾಲನಗರ)

ಉತ್ತರ: ಬಣ್ಣ ಮಾತ್ರ ಒಂದೇ. ಐರಾವತ ಇಂದ್ರನ ವಾಹನ, ಗೌರವದ್ದು. ಇಂಗ್ಲಿಷಿನ ಬಿಳಿಯಾನೆ ಸಯಾಮಿನ (ಈಗಿನ ಥಾಯ್ಲೆಂಡ್) ದಂತಕಥೆಯಿಂದ ಬಂದದ್ದು: ರಾಜನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಬಿಳಿಯಾನೆ ಉಡುಗೊರೆ ಕೊಡುತ್ತಿದ್ದನಂತೆ. ಪವಿತ್ರವಾದ್ದರಿಂದ ದುಡಿಸುವಂತಿಲ್ಲ, ರಾಜನದ್ದಾದ್ದರಿಂದ ಮಾರುವಂತಿಲ್ಲ, ಸಾಕಿಯೇ ದಿವಾಳಿ. ದುಬಾರೆಯ ಆನೆ ಶಿಬಿರಕ್ಕೆ ಹತ್ತಿರದಲ್ಲಿರುವ ನಿಮಗೆ ಆನೆಯ ಹೊಟ್ಟೆಯ ಅಂದಾಜು ಇದ್ದೇ ಇರುತ್ತದೆ. ಕೊಂಡ ಬೆಲೆಗಿಂತ ಇಟ್ಟುಕೊಳ್ಳುವ ಖರ್ಚೇ ಭಾರವಾದದ್ದಕ್ಕೆ ಮಾತ್ರ ಈ ಮಾತು. ದುಬಾರಿ ವಾಚು ವೈಟ್ ಎಲಿಫೆಂಟ್ ಅಲ್ಲ. ವರ್ಷಕ್ಕೆರಡು ದಿನ ಬಾಗಿಲು ತೆಗೆಯುವ, ಪ್ರತಿ ಮಳೆಗಾಲ ಸೋರುವ ಬಂಗಲೆ ಹೌದು.

ಪ್ರಶ್ನೆ: ಬ್ಯಾಂಕಿಗೆ ಬರೆಯುವಾಗ ‘ಐ ಡಿಡ್ ಮೆನಿ ಎಕ್ಸ್‌ಪೆನ್ಸಸ್’ ಸರಿಯೇ? ಗೆಳೆಯರಿಗೆ ‘ಗಿವ್ ಮಿ ಎ ಪಾರ್ಟಿ’ ಅನ್ನಬಹುದೇ? (ಸಿದ್ದಾಪುರ)

ಉತ್ತರ: ಖರ್ಚು ನಾವು ‘ಮಾಡುತ್ತೇವೆ’, ಇಂಗ್ಲಿಷಿನವರು ‘ಇನ್ಕರ್’ ಮಾಡುತ್ತಾರೆ: ‘ಐ ಇನ್ಕರ್ಡ್ ಹೆವಿ ಎಕ್ಸ್‌ಪೆನ್ಸಸ್ ಆನ್ ಇರಿಗೇಷನ್ ದಿಸ್ ಇಯರ್.’ ಮೇಲೆ ಹೇಳಿದ ಸ್ಪ್ಲರ್ಜ್, ಬ್ಲೋ, ಶೆಲ್ ಔಟ್ ಯಾವುದೂ ಸಾಲದ ಅರ್ಜಿಯ ಹತ್ತಿರ ಸುಳಿಯಬಾರದು.

ಪಾರ್ಟಿಯನ್ನು ಕೇಳಿ ಪಡೆಯುವುದಕ್ಕೆ ‘ಯು ಓ ಅಸ್ ಎ ಟ್ರೀಟ್’. ನೀವೇ ಕೊಡಿಸುವುದಾದರೆ ‘ಇಟ್ಸ್ ಆನ್ ಮಿ’ ಅಥವಾ ‘ಮೈ ಟ್ರೀಟ್’. ಚೀನೀ ಭಾಷೆಯಲ್ಲಿ ‘ಚಿಂಗ್ ಕ’, ಅತಿಥಿಯಾಗಿ ಕರೆ ಎಂದರೆ ಬಿಲ್ಲೂ ಕರೆದವನದೇ. ನಮ್ಮಲ್ಲೂ ‘ಬನ್ನಿ, ಕಾಫಿ ಕುಡಿಯೋಣ’ ಎಂದವನೇ ಜೇಬಿಗೆ ಕೈ ಹಾಕುವುದು ರೂಢಿ. ಇಂಗ್ಲಿಷಿನ ‘ಲೆಟ್ಸ್ ಹ್ಯಾವ್ ಕಾಫಿ’ಯಲ್ಲಿ ಆ ಭರವಸೆ ಇಲ್ಲ, ಅವರವರ ಲೋಟದ ದುಡ್ಡು ಅವರವರದು. ಕೊಡಿಸುವ ಮನಸ್ಸಿದ್ದರೆ ಕುರ್ಚಿ ಎಳೆದು ಕೂರುವ ಮೊದಲೇ ‘ಇಟ್ಸ್ ಆನ್ ಮಿ’ ಎಂದುಬಿಡಿ.